ಶೂನ್ಯಾಗಾರದ ಕಾವಲುಗಾರ: ಒಂದು ಭಯಾನಕ ಆಟ ಮತ್ತು ಅದರ ಅಭಿಮಾನಿ ಪಾಠಾಂತರಗಳು

1. ಪೀಠಿಕೆ

ಮೆಚ್ಚಿದ ಕಥೆಯೊಂದನ್ನು ಮತ್ತೆ ಹೇಳುವುದು ಸಾಹಿತ್ಯ ಚರಿತ್ರೆಗೆ ಹೊಸ ಸಂಗತಿಯಲ್ಲ. ಕನ್ನಡ ಕಾವ್ಯಪರಂಪರೆಯ ಬಹುಭಾಗ ನಿಂತಿರುವುದೇ ಮರುನಿರೂಪಣೆಗಳ ಮೇಲೆ. ವ್ಯಾಸಭಾರತದ ಕಥೆಯನ್ನು ಪಂಪ ಹೇಳಿದ ಬಗೆ ಬೇರೆ, ಕುಮಾರವ್ಯಾಸ ಹೇಳಿದ ಬಗೆ ಬೇರೆ. ಇವರನ್ನು ಅನುಕರಣಕಾರರೆಂದು ಕರೆದು ಬದಿಗಿಡುವ ವಿಮರ್ಶೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಇದೇ ಮರುನಿರೂಪಣೆಯ ಕ್ರಿಯೆ ಗಣಕದ ಆಟವೊಂದರ ಸುತ್ತ, ಹೆಸರಿಲ್ಲದ ತರುಣರ ಕೈಯಲ್ಲಿ ನಡೆದಾಗ ಅದನ್ನು 'ನಕಲು' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ಈ ರೂಢಿ ಎಷ್ಟರಮಟ್ಟಿಗೆ ಸರಿ ಎಂಬುದು ಪ್ರಸ್ತುತ ಲೇಖನದ ಮೂಲ ಪ್ರಶ್ನೆ.

ಅಧ್ಯಯನಕ್ಕೆ ಆರಿಸಿಕೊಂಡಿರುವುದು ಅಮೆರಿಕದ ಸ್ಕಾಟ್ ಕಾಥನ್ ರಚಿಸಿದ 'ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್' ಎಂಬ ಭಯಾನಕ ಆಟ ಹಾಗೂ ಅದನ್ನು ಆಧರಿಸಿ ಅಭಿಮಾನಿಗಳು ರಚಿಸಿದ ಕೆಲವು ಆಟಗಳು. ರಾತ್ರಿಪಾಳಿಯ ಕಾವಲುಗಾರನೊಬ್ಬ ದೆವ್ವ ಹೊಕ್ಕ ಯಂತ್ರಗೊಂಬೆಗಳನ್ನು ಎದುರಿಸುವುದು ಈ ಗುಂಪಿನ ಬಹುಪಾಲು ಆಟಗಳಿಗೆ ಆಧಾರವಾದ ಆಶಯ. ಈ ಆಟಗಳು ಕನ್ನಡ ನೆಲದವಲ್ಲ. ಆದರೆ ಪಾಠ, ಪಾಠಾಂತರ, ಆಶಯ, ರಸ ಎಂಬ ನಮ್ಮ ಅಧ್ಯಯನದ ಪರಿಕಲ್ಪನೆಗಳು ಇಂತಹ ಹೊಸ ಪಠ್ಯಗಳ ಮುಂದೆ ಎಷ್ಟು ದೂರ ನಡೆಯಬಲ್ಲವು, ಎಲ್ಲಿ ನಿಲ್ಲುತ್ತವೆ ಎಂಬುದನ್ನು ಪರೀಕ್ಷಿಸಲು ಇವು ಒಳ್ಳೆಯ ಅವಕಾಶವನ್ನು ಒದಗಿಸುತ್ತವೆ.

2. ಮೂಲಪಠ್ಯದ ಸ್ವರೂಪ

'ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್' 2014ರ ಆಗಸ್ಟ್ 8ರಂದು ಪ್ರಕಟವಾಯಿತು. ಇದಕ್ಕೆ ಮೊದಲು ಕಾಥನ್ ಮಕ್ಕಳಿಗಾಗಿ ರಚಿಸಿದ್ದ ಆಟವೊಂದರ ಪಾತ್ರಗಳು ಜೀವವಿಲ್ಲದ ಯಂತ್ರಗೊಂಬೆಗಳಂತೆ ಚಲಿಸುತ್ತವೆ, ನೋಡಿದರೆ ಹೆದರಿಕೆಯಾಗುತ್ತದೆ ಎಂಬ ಟೀಕೆ ಬಂದಿತ್ತು. ಆ ಟೀಕೆಯನ್ನೇ ಬೀಜವಾಗಿಸಿಕೊಂಡು ಆತ ನಿಜಕ್ಕೂ ಹೆದರಿಸುವ ಯಂತ್ರಗೊಂಬೆಗಳ ಆಟವನ್ನು ಕಟ್ಟಿದ. ಮೂಲವೆಂದು ನಾವು ಕರೆಯುವ ಕೃತಿಯೂ ಒಂದು ಪ್ರತಿಕ್ರಿಯೆಯಾಗಿಯೇ ಹುಟ್ಟಿತೆಂಬುದು ಇಲ್ಲಿ ಗಮನಾರ್ಹ.

ಆಟದ ಸ್ಥಳ ಮಕ್ಕಳ ಹುಟ್ಟುಹಬ್ಬಗಳು ನಡೆಯುವ ಒಂದು ಪಿಜ್ಜಾ ಉಪಾಹಾರ ಗೃಹ. ಹಗಲಿನಲ್ಲಿ ವೇದಿಕೆಯ ಮೇಲೆ ಹಾಡುವ ಕರಡಿ ಫ್ರೆಡ್ಡಿ, ಮೊಲ ಬಾನಿ, ಕೋಳಿ ಚಿಕಾ ಹಾಗೂ ಪರದೆಯ ಹಿಂದಿರುವ ನರಿ ಫಾಕ್ಸಿ ರಾತ್ರಿಯಲ್ಲಿ ತಾವಾಗಿ ಓಡಾಡುತ್ತವೆ. ಮೈಕ್ ಶ್ಮಿಟ್ ಎಂಬ ಕಾವಲುಗಾರ ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಸಣ್ಣ ಕಚೇರಿಯೊಂದರಲ್ಲಿ ಕೂತಿರಬೇಕು. ಅವನು ಎದ್ದು ಓಡುವಂತಿಲ್ಲ, ಆಯುಧವೂ ಇಲ್ಲ. ಕ್ಯಾಮೆರಾಗಳು, ಎರಡು ಬಾಗಿಲು, ಎರಡು ದೀಪ ಇಷ್ಟೇ ಅವನ ಸಾಧನಗಳು. ಪ್ರತಿಯೊಂದರ ಬಳಕೆಗೂ ವಿದ್ಯುತ್ತು ಖರ್ಚಾಗುತ್ತದೆ, ರಾತ್ರಿಯೊಂದಕ್ಕೆ ದೊರೆಯುವ ವಿದ್ಯುತ್ತು ಮಿತವಾದದ್ದು. ಬಾಗಿಲನ್ನು ಮುಚ್ಚಿಯೇ ಕೂತರೆ ವಿದ್ಯುತ್ತು ತೀರುತ್ತದೆ, ತೆರೆದಿಟ್ಟರೆ ಗೊಂಬೆ ಒಳಗೆ ಬರುತ್ತದೆ. ಈ ಇಕ್ಕಟ್ಟೇ ಆಟದ ವ್ಯಾಕರಣ.

ಈ ವ್ಯಾಕರಣದ ಹಿಂದೆ ದುಡಿಮೆಯ ಒಂದು ಕಥೆಯೂ ಇದೆ. ಐದು ರಾತ್ರಿಗಳನ್ನು ಕಳೆದ ಕಾವಲುಗಾರನಿಗೆ ದೊರೆಯುವ ಚೆಕ್ಕಿನ ಮೊತ್ತ 120 ಡಾಲರ್. 30 ಗಂಟೆಗಳ ಕೆಲಸಕ್ಕೆ ಭಾಗಿಸಿದರೆ ಗಂಟೆಗೆ 4 ಡಾಲರ್ ಆಗುತ್ತದೆ. ಆಟ ಪ್ರಕಟವಾದ 2014ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ನಿಗದಿಪಡಿಸಿದ್ದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್ ಆಗಿತ್ತು. ಹೀಗೆ ಕಾವಲುಗಾರನ ಭಯದ ಅಡಿಯಲ್ಲಿ ಬಿಟ್ಟುಹೋಗಲಾಗದ ಕೆಲಸದ ಭಯವೂ ಸೇರಿಕೊಂಡಿದೆ.

ಮೂಲಪಠ್ಯದ ಮತ್ತೊಂದು ಮುಖ್ಯ ಲಕ್ಷಣ ಅದರ ಮೌನ. ಇಲ್ಲಿ ಕಥೆಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಹಿಂದಿನ ನೌಕರನೊಬ್ಬ ದೂರವಾಣಿಯಲ್ಲಿ ಬಿಟ್ಟ ಧ್ವನಿಮುದ್ರಿತ ಸಲಹೆಗಳು, ಗೋಡೆಯ ಮೇಲೆ ಒಮ್ಮೊಮ್ಮೆ ಮಾತ್ರ ಕಾಣಿಸಿಕೊಳ್ಳುವ ಪತ್ರಿಕಾ ತುಣುಕುಗಳು, ಇವುಗಳಿಂದ ಆಟಗಾರನೇ ಕಥೆಯನ್ನು ಕೂಡಿಸಿಕೊಳ್ಳಬೇಕು. ಐವರು ಮಕ್ಕಳು ಇದೇ ಸ್ಥಳದಲ್ಲಿ ಕಾಣೆಯಾದರು, ಬಳಿಕ ಗೊಂಬೆಗಳ ಮೈಯಿಂದ ದುರ್ವಾಸನೆ ಬರತೊಡಗಿತು ಎಂಬಷ್ಟು ಮಾತ್ರ ತಿಳಿಯುತ್ತದೆ. ನಾಲ್ಕನೆಯ ರಾತ್ರಿಯ ಧ್ವನಿಮುದ್ರಣ ನಡುವೆಯೇ ನಿಲ್ಲುತ್ತದೆ, ಹೇಳುತ್ತಿದ್ದವನ ಗತಿಯನ್ನು ಕೇಳುಗನೇ ಊಹಿಸಬೇಕು. ಕಾವಲುಗಾರನ ಹೆಸರನ್ನು ಬಿಟ್ಟರೆ ಅವನ ಬಾಳಿನ ಬಗೆಗೆ ಏನೂ ಗೊತ್ತಾಗುವುದಿಲ್ಲ. ಈ ಖಾಲಿ ಜಾಗಗಳೇ ಮುಂದೆ ಅಭಿಮಾನಿ ರಚನೆಗಳಿಗೆ ಪ್ರವೇಶದ್ವಾರಗಳಾದವು.

3. ಭಯಾನಕದ ವಿಭಾವಗಳು

ಭರತನ ನಾಟ್ಯಶಾಸ್ತ್ರ ಭಯಾನಕ ರಸದ ವಿಭಾವಗಳನ್ನು ಪಟ್ಟಿಮಾಡುವಾಗ ವಿಕೃತವಾದ ಧ್ವನಿ, ಭೂತಾದಿಗಳ ದರ್ಶನ, ನರಿ ಮತ್ತು ಗೂಬೆಗಳ ಕೂಗು, ಶೂನ್ಯವಾದ ಮನೆ, ಕಾಡು ಮೊದಲಾದವನ್ನು ಹೆಸರಿಸುತ್ತದೆ. ಇವುಗಳಲ್ಲಿ ಹಲವು ಈ ಆಟದಲ್ಲಿ ಹೊಸ ವೇಷದಲ್ಲಿ ಬಂದಿರುವುದು ಕುತೂಹಲಕರ. ಜನರಿಲ್ಲದ ಉಪಾಹಾರ ಗೃಹವೇ ಇಲ್ಲಿಯ ಶೂನ್ಯಾಗಾರ. ಅಡುಗೆಮನೆಯ ಕ್ಯಾಮೆರಾ ಕೆಟ್ಟಿರುವುದರಿಂದ ಅಲ್ಲಿಂದ ಚಿತ್ರ ಬರುವುದಿಲ್ಲ, ಪಾತ್ರೆಗಳ ಸದ್ದು ಮಾತ್ರ ಬರುತ್ತದೆ. ವಿದ್ಯುತ್ತು ಪೂರ್ತಿ ತೀರಿದಾಗ ಕತ್ತಲಲ್ಲಿ ಫ್ರೆಡ್ಡಿಯ ಮುಖ ಮಿನುಗುತ್ತದೆ, ಜೊತೆಗೆ ಬಿಜೆಯ 'ಕಾರ್ಮೆನ್' ಗೀತನಾಟಕದ ಉಲ್ಲಾಸದ ರಾಗವೊಂದು ಆಟಿಕೆಯ ಸ್ವರದಲ್ಲಿ ಕೇಳಿಸುತ್ತದೆ. ಮುಗಿಯುವವರೆಗೆ ಕಾಯುವುದಷ್ಟೇ ಆಟಗಾರನ ಪಾಲಿಗೆ ಉಳಿಯುತ್ತದೆ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎಂಬ ಭರತನ ಮಾತಿಗೂ ಗೊಂಬೆಗಳ ಮೈಯ ದುರ್ವಾಸನೆಯ ಪ್ರಸ್ತಾಪ ಉದಾಹರಣೆಯಾಗಿ ನಿಲ್ಲುತ್ತದೆ.

ಪಾಶ್ಚಾತ್ಯ ಚಿಂತನೆಯಲ್ಲಿ ಈ ಬಗೆಯ ಭೀತಿಯ ಕುರಿತು ಎರಡು ಮುಖ್ಯ ವಿವರಣೆಗಳಿವೆ. 1906ರಲ್ಲಿ ಅರ್ನ್‌ಸ್ಟ್ ಯೆನ್ಚ್, ಎದುರಿಗಿರುವುದು ಜೀವವಿರುವಂಥದೋ ಇಲ್ಲದ್ದೋ ಎಂಬ ಸಂಶಯವೇ ಇಂತಹ ವಿಲಕ್ಷಣ ಭೀತಿಗೆ ಕಾರಣವೆಂದ. 1919ರಲ್ಲಿ ಫ್ರಾಯ್ಡ್ ಇದನ್ನು ಪೂರ್ತಿ ಒಪ್ಪದೆ, ಹಾಫ್‌ಮನ್ನನ ಕಥೆಯೊಂದನ್ನು ಚರ್ಚಿಸುತ್ತ, ಹಿಂದೊಮ್ಮೆ ಪರಿಚಿತವಾಗಿದ್ದು ಬಳಿಕ ಅದುಮಿಡಲ್ಪಟ್ಟದ್ದು ಮರಳಿ ಬರುವುದೇ ಈ ಭೀತಿಯ ಮೂಲವೆಂದು ವಾದಿಸಿದ. ಕಾಥನ್‌ನ ಆಟ ಈ ಎರಡನ್ನೂ ಒಂದರ ಮೇಲೊಂದು ಇಡುತ್ತದೆ. ಕ್ಯಾಮೆರಾದಲ್ಲಿ ಅಲುಗಾಡದೆ ನಿಂತ ಗೊಂಬೆ ಯೆನ್ಚ್ ಹೇಳಿದ ಸಂಶಯವನ್ನು ಹುಟ್ಟಿಸಿದರೆ, ಅದರೊಳಗೆ ಸತ್ತ ಮಗುವೊಂದು ಸೇರಿಕೊಂಡಿದೆ ಎಂಬ ಸೂಚನೆ ಫ್ರಾಯ್ಡ್ ಹೇಳಿದ ಮರಳುವಿಕೆಯನ್ನು ತರುತ್ತದೆ. ಆ ಮರುಕ್ಷಣವೇ ಭಯದ ಅಡಿಯಲ್ಲಿ ಕರುಣವೂ ಕಾಣಿಸುತ್ತದೆ.

ಇದಕ್ಕೆ ಐತಿಹಾಸಿಕ ನೆಲೆಯೂ ಇದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೋಲನ್ ಬುಶ್‌ನೆಲ್ ಯಂತ್ರಗೊಂಬೆಗಳು ಹಾಡುವ ಮೊದಲ ಪಿಜ್ಜಾ ಉಪಾಹಾರ ಗೃಹವನ್ನು ತೆರೆದ. ಮುಂದೆ ಚಕ್ ಇ. ಚೀಸ್ ಎಂಬ ಹೆಸರಿನಲ್ಲಿ ಅದು ಅಮೆರಿಕದಾದ್ಯಂತ ಹರಡಿತು, ಅದೇ ಮಾದರಿಯ ಪ್ರತಿಸ್ಪರ್ಧಿಗಳೂ ಹುಟ್ಟಿಕೊಂಡರು. ಒಂದೆರಡು ತಲೆಮಾರಿನ ಅಮೆರಿಕದ ಮಕ್ಕಳ ಹುಟ್ಟುಹಬ್ಬದ ನೆನಪಿನಲ್ಲಿ ಈ ಗೊಂಬೆಗಳಿವೆ. 2024ರಲ್ಲಿ ಆ ಸಂಸ್ಥೆ ತನ್ನ ಬಹುತೇಕ ಶಾಖೆಗಳಿಂದ ಗೊಂಬೆಗಳನ್ನು ತೆಗೆದುಹಾಕುವ ಕ್ರಮ ಕೈಗೊಂಡಿತು. ಆಟ ಎಬ್ಬಿಸುವ ಭಯ ಹೀಗೆ ಒಂದು ಜನಸಮುದಾಯದ ಬಾಲ್ಯದಲ್ಲಿ ಬೇರೂರಿದೆ.

ಇಲ್ಲಿ ರಸಸಿದ್ಧಾಂತ ಒಂದು ತೊಡಕನ್ನು ಎದುರಿಸುತ್ತದೆ. ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯ ಪದ್ಯವನ್ನು ಉದಾಹರಿಸುತ್ತ ಅಭಿನವಗುಪ್ತ, ಸಹೃದಯನಿಗೆ ಅನುಭವವಾಗುವ ಭಯ ಜಿಂಕೆಯದೂ ಅಲ್ಲ, ತನ್ನದೂ ಅಲ್ಲ, ದೇಶಕಾಲಗಳ ಕಟ್ಟು ಕಳಚಿದ ಭಯ ಎಂದು ವಿವರಿಸುತ್ತಾನೆ. ಸಾಧಾರಣೀಕರಣದ ತಿರುಳು ಇದು. ಆದರೆ ಆಟದಲ್ಲಿ ಸಹೃದಯನ ಬೆರಳು ಬಾಗಿಲಿನ ಗುಂಡಿಯ ಮೇಲಿದೆ. ಜಿಂಕೆಯನ್ನು ನೋಡುತ್ತಿದ್ದವನು ಈಗ ತಾನೇ ಓಡಬೇಕಾಗಿದೆ. ಭಯ ಹೆಚ್ಚುಹೊತ್ತು 'ಸಾಧಾರಣ'ವಾಗಿ ಉಳಿಯುವುದಿಲ್ಲ, ಅದು ಕೈಯ ತಪ್ಪಾಗಿ, ಲೆಕ್ಕದ ತಪ್ಪಾಗಿ ಆಟಗಾರನ ಸ್ವಂತದ್ದಾಗುತ್ತದೆ. ಮತ್ತೆಮತ್ತೆ ಆಡಿ ಗೊಂಬೆಗಳ ಚಲನೆಯ ನಿಯಮಗಳನ್ನು ಕಲಿತ ಮೇಲೆ ಅದೇ ಭಯ ಕರಗಿಹೋಗುತ್ತದೆ. ಸಹೃದಯ ಶಾಸ್ತ್ರಜ್ಞನಾಗುತ್ತಾನೆ. ಕಳೆದುಹೋದ ಭಯವನ್ನು ಮರಳಿ ಪಡೆಯಲು, ಇತರರಿಗೆ ಕೊಡಲು ಅವನಿಗೆ ಉಳಿಯುವ ಒಂದು ದಾರಿ ಹೊಸ ಆಟವನ್ನು ತಾನೇ ರಚಿಸುವುದು. ಅಭಿಮಾನಿ ಪಾಠಗಳ ಹುಟ್ಟನ್ನು ಈ ನೆಲೆಯಿಂದ ಅರ್ಥಮಾಡಿಕೊಳ್ಳಬಹುದಾಗಿದೆ.

4. ಪಾಠಾಂತರಗಳ ಮೂರು ಬಗೆ

ಎ.ಕೆ. ರಾಮಾನುಜನ್ ರಾಮಾಯಣದ ನೂರಾರು ಹೇಳಿಕೆಗಳನ್ನು ಕುರಿತ, 1991ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಎರಡು ಪಠ್ಯಗಳ ನಡುವಿನ ಸಂಬಂಧವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ತತ್ವಜ್ಞಾನಿ ಪರ್ಸ್‌ನಿಂದ ಪಡೆದ ಈ ವಿಂಗಡಣೆಯನ್ನು ಬಿಂಬರೂಪಿ, ಸ್ಥಳಸೂಚಿ ಮತ್ತು ಸಾಂಕೇತಿಕ ಎಂದು ಇಲ್ಲಿ ಕರೆಯಲಾಗಿದೆ. ಮೂಲದ ಆಕೃತಿಯನ್ನು ನಿಷ್ಠೆಯಿಂದ ಉಳಿಸಿಕೊಳ್ಳುವುದು ಮೊದಲನೆಯದು. ಕಥೆಯ ಚೌಕಟ್ಟನ್ನು ಇಟ್ಟುಕೊಂಡು ತನ್ನದೇ ನೆಲ, ಜನ, ವಿವರಗಳಿಂದ ತುಂಬುವುದು ಎರಡನೆಯದು. ಮೂಲವನ್ನು ನೆಪಮಾತ್ರಕ್ಕೆ ಬಳಸಿ ಹೊಸದನ್ನೇ, ಹಲವೊಮ್ಮೆ ವಿರುದ್ಧವಾದುದನ್ನೇ ಹೇಳುವುದು ಮೂರನೆಯದು. ಅಭಿಮಾನಿ ಆಟಗಳ ಅಧ್ಯಯನಕ್ಕೆ ಈ ವಿಂಗಡಣೆ ಉಪಯುಕ್ತವಾಗಿದೆ.

ಹೆಸರು ಮತ್ತು ಚಿತ್ರಗಳನ್ನು ಬದಲಿಸಿ ಕಚೇರಿ, ಕ್ಯಾಮೆರಾ, ಐದು ರಾತ್ರಿಗಳನ್ನು ಹಾಗೆಯೇ ಉಳಿಸಿಕೊಂಡ ಆಟಗಳು ಮೊದಲ ಬಗೆಗೆ ಸೇರುತ್ತವೆ. ಇವುಗಳ ಸಂಖ್ಯೆಯೇ ಹೆಚ್ಚು. ಕಾಥನ್ ಬಳಸಿದ ಕ್ಲಿಕ್‌ಟೀಮ್ ಫ್ಯೂಷನ್ ಎಂಬ ತಂತ್ರಾಂಶ ಗಣಕಭಾಷೆಯನ್ನು ಶಾಸ್ತ್ರೀಯವಾಗಿ ಕಲಿಯದವರಿಗೂ ದಕ್ಕುವಂಥದು ಎಂಬುದು ಇದಕ್ಕೆ ಒಂದು ಕಾರಣ. 'ನಕಲು' ಎಂಬ ಮಾತು ಅನ್ವಯಿಸುವುದಾದರೆ ಈ ಗುಂಪಿಗೆ ಮಾತ್ರ. ಆದರೂ ಗ್ರಂಥವನ್ನು ಪ್ರತಿಮಾಡುತ್ತಲೇ ಅಕ್ಷರ ಕಲಿತ ಲಿಪಿಕಾರನಂತೆ, ಹಲವರು ಆಟಕಟ್ಟುವ ಕಲೆಯನ್ನು ಇಲ್ಲಿಯೇ ಕಲಿತರೆಂಬುದನ್ನು ಮರೆಯುವಂತಿಲ್ಲ.

ಎಮಿಲ್ ಮಾಕೊ 2015ರಲ್ಲಿ ಪ್ರಕಟಿಸಿದ 'ಫೈವ್ ನೈಟ್ಸ್ ಅಟ್ ಕ್ಯಾಂಡೀಸ್' ಎರಡನೆಯ ಬಗೆಗೆ ಉತ್ತಮ ನಿದರ್ಶನ. ಇಲ್ಲಿ ಪಿಜ್ಜಾದ ಬದಲು ಬರ್ಗರ್ ಮಾರುವ ಮತ್ತೊಂದು ಉಪಾಹಾರ ಗೃಹವಿದೆ, ಕರಡಿಯ ಬದಲು ಕ್ಯಾಂಡಿ ಎಂಬ ಬೆಕ್ಕಿದೆ. ಕಾವಲಿಗೆ ಕೂತಿರುವವಳು ಮೇರಿ ಶ್ಮಿಟ್. ಮೂಲದ ಮೈಕ್‌ನ ಮನೆತನದ ಹೆಸರನ್ನು ಉಳಿಸಿಕೊಂಡು ಕಾವಲುಗಾರನ ಸ್ಥಾನದಲ್ಲಿ ಹೆಣ್ಣನ್ನು ಕೂರಿಸಿದ ಈ ಒಂದು ಬದಲಾವಣೆ ಸಣ್ಣದಾಗಿ ಕಂಡರೂ ಪರಿಣಾಮದಲ್ಲಿ ದೊಡ್ಡದು. 2016ರ ಎರಡನೆಯ ಭಾಗ ಪಾಳುಬಿದ್ದ ಕಾರ್ಖಾನೆಗೆ ಹೋಗುತ್ತದೆ. ಮೂರನೆಯ ಭಾಗ ಹಿಂದಕ್ಕೆ ಸರಿದು ಮೇರಿಯ ಬಾಲ್ಯದ ದುಃಸ್ವಪ್ನಗಳೊಳಗೆ ಪ್ರವೇಶಿಸುತ್ತದೆ. ಮಗುವಿನ ದುಃಸ್ವಪ್ನ ಎಂಬ ರೂಪವನ್ನು ಕಾಥನ್‌ನ 2015ರ ನಾಲ್ಕನೆಯ ಆಟವೇ ತೋರಿಸಿಕೊಟ್ಟಿತ್ತು ಎಂಬುದು ನಿಜ. ಆದರೆ ಮೊದಲ ಆಟದಲ್ಲಿ ಬರಿಯ ಹೆಸರಾಗಿ, ಚೆಕ್ಕಿನ ಮೇಲಿನ ಅಕ್ಷರವಾಗಿ ಉಳಿದಿದ್ದ ಕಾವಲುಗಾರನಿಗೆ ಸಮಾನವಾದ ಪಾತ್ರವೊಂದಕ್ಕೆ ಬಾಲ್ಯವನ್ನು ಕೊಟ್ಟದ್ದು ಈ ಅಭಿಮಾನಿ ಪಾಠದ ಸ್ವಂತ ಓದು. ಮೂಲ ಮೌನವಾಗಿದ್ದ ಜಾಗದಲ್ಲಿ ಅದು ಮಾತನಾಡುತ್ತದೆ.

ಮೂರನೆಯ ಬಗೆಗೆ 2015ರ 'ಒನ್ ನೈಟ್ ಅಟ್ ಫ್ಲಂಪ್ಟೀಸ್' ಸೇರುತ್ತದೆ. ಜೊನೊಕ್ರೋಮ್ ಎಂಬ ಹೆಸರಿನಲ್ಲಿ ಪ್ರಕಟವಾದ ಈ ಆಟದಲ್ಲಿ ಐದು ರಾತ್ರಿಗಳು ಒಂದಾಗಿವೆ. ಯಂತ್ರಗೊಂಬೆಗಳ ಸ್ಥಾನದಲ್ಲಿ ಇಂಗ್ಲಿಷ್ ಶಿಶುಪ್ರಾಸದ ಮೊಟ್ಟೆಯನ್ನು ನೆನಪಿಸುವ ಫ್ಲಂಪ್ಟಿ ಬಂದಿದ್ದಾನೆ. ದೇಶಕಾಲಗಳನ್ನು ಮೀರಬಲ್ಲ, ಕಥಾವಸ್ತುವಿನ ನಿಯಮಗಳೂ ತಟ್ಟದ ಪಾತ್ರವೆಂದು ಆಟವೇ ಅವನನ್ನು ಪರಿಚಯಿಸುತ್ತದೆ. ಅಭಿಮಾನಿಗಳು ಗೊಂಬೆಗಳ ಪ್ರತಿ ಚಲನೆಗೂ ಕಾರಣ ಹುಡುಕುತ್ತಿದ್ದ ಕಾಲದಲ್ಲಿ, ಕಾರಣಗಳಿಗೆ ಸಿಕ್ಕದ ಪಾತ್ರವೊಂದನ್ನು ತಂದು ಕೂರಿಸಿದ್ದು ಒಂದು ವಿಮರ್ಶೆಯೇ ಸರಿ. ಯಾವುದೇ ರಸದ ಆಭಾಸ ಹಾಸ್ಯಕ್ಕೆ ಎಡೆಮಾಡಿಕೊಡಬಲ್ಲದು ಎಂದು ಅಭಿನವಗುಪ್ತ ಹೇಳಿದ್ದನ್ನು ಇಲ್ಲಿ ನೆನೆಯಬಹುದು. ಫ್ಲಂಪ್ಟಿ ಭಯಾನಕದ ಆಭಾಸ. ವಿಶೇಷವೆಂದರೆ ಆಟಗಾರ ನಗುತ್ತಲೇ ಬೆಚ್ಚಿಬೀಳುತ್ತಾನೆ. ಅಣಕ ಮೂಲದ ವ್ಯಾಕರಣವನ್ನು ಮುರಿಯುವುದಿಲ್ಲ, ಆ ವ್ಯಾಕರಣ ಗೊಂಬೆಗಳಿಲ್ಲದೆಯೂ ಕೆಲಸಮಾಡುತ್ತದೆಂದು ತೋರಿಸಿಕೊಡುತ್ತದೆ.

5. ಕರ್ತೃವೇ ಪಾತ್ರವಾದಾಗ

ಈ ಮೂರೂ ಬಗೆಗಳಿಗೆ ಪೂರ್ತಿ ಒಗ್ಗದ ಒಂದು ಪಠ್ಯವಿದೆ. ನಿಕ್ಸನ್ ಎಂಬ ಹೆಸರಿನಲ್ಲಿ ರಚಿತವಾದ 'ದಿ ಜಾಯ್ ಆಫ್ ಕ್ರಿಯೇಷನ್: ಸ್ಟೋರಿ ಮೋಡ್' ಆಟದಲ್ಲಿ ಗೊಂಬೆಗಳು ಉಪಾಹಾರ ಗೃಹವನ್ನು ಬಿಟ್ಟು ಮನೆಯೊಂದಕ್ಕೆ ನುಗ್ಗುತ್ತವೆ. ಆ ಮನೆ ಅವುಗಳ ಸೃಷ್ಟಿಕರ್ತನದು. ಸ್ಕಾಟ್ ಕಾಥನ್ ಎಂಬ ಕರ್ತೃವೂ ಅವನ ಕುಟುಂಬವೂ ಇಲ್ಲಿ ಕಲ್ಪಿತ ಪಾತ್ರಗಳು, ತಾನೇ ಸೃಷ್ಟಿಸಿದವುಗಳ ಎದುರು ಕರ್ತೃ ನಿಸ್ಸಹಾಯಕ. 'ಸೃಷ್ಟಿಯ ಸಂತೋಷ' ಎಂಬ ಅರ್ಥದ ಶೀರ್ಷಿಕೆ ವ್ಯಂಗ್ಯವಾಗಿ ಧ್ವನಿಸುತ್ತದೆ. ಕಥೆಯ ಒಡೆಯನನ್ನೇ ಕಥೆಯೊಳಗೆ ಎಳೆದುತಂದು, ಹೇಳಿಯಾದ ಮೇಲೆ ಕಥೆ ಹೇಳಿದವನ ಮಾತು ಕೇಳುವುದಿಲ್ಲವೆಂಬ ಸತ್ಯವನ್ನು ಅಭಿಮಾನಿ ಪಾಠ ಇಲ್ಲಿ ಆಡಿತೋರಿಸಿದೆ.

ಹೊರಗಿನ ಚರಿತ್ರೆಯೂ ಇದೇ ದಿಕ್ಕಿನಲ್ಲಿ ಸಾಗಿತು. 2020ರ ಆಗಸ್ಟ್‌ನಲ್ಲಿ ಕಾಥನ್ ಆಯ್ದ ಅಭಿಮಾನಿ ಆಟಗಳಿಗೆ ಹಣಕಾಸಿನ ನೆರವು ಮತ್ತು ಪ್ರಕಟಣೆಯ ಅವಕಾಶ ಒದಗಿಸುವ ಯೋಜನೆಯನ್ನು ಘೋಷಿಸಿದ. ಕ್ಯಾಂಡೀಸ್, ಫ್ಲಂಪ್ಟೀಸ್, ದಿ ಜಾಯ್ ಆಫ್ ಕ್ರಿಯೇಷನ್ ಮೂರೂ ಅದರಲ್ಲಿದ್ದವು. 2021ರ ಜೂನ್‌ನಲ್ಲಿ ಆತ ಸಾರ್ವಜನಿಕ ಆಟರಚನೆಯಿಂದ ನಿವೃತ್ತಿ ಘೋಷಿಸಿದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸರಣಿಯ ಹೊಸ ಆಟವನ್ನು ಸ್ಟೀಲ್ ವೂಲ್ ಸ್ಟುಡಿಯೋಸ್ ರೂಪಿಸಿತು, 2023ರ ಅಕ್ಟೋಬರ್‌ನಲ್ಲಿ ಎಮ್ಮಾ ಟ್ಯಾಮಿ ನಿರ್ದೇಶನದ ಚಲನಚಿತ್ರ ತೆರೆಕಂಡಿತು. ಅಂದರೆ 'ಅಧಿಕೃತ' ಪರಂಪರೆಯೂ ಒಬ್ಬನ ಕೈದಾಟಿ ಹಲವರ ಹೇಳಿಕೆಯಾಯಿತು.

ಆದರೆ ಈ ಸ್ವೀಕಾರವನ್ನು ಸಂಭ್ರಮದಿಂದ ಮಾತ್ರ ನೋಡುವಂತಿಲ್ಲ. ಪಂಪನಿಗೆ ವ್ಯಾಸರ ಒಪ್ಪಿಗೆ ಬೇಕಿರಲಿಲ್ಲ. ಇಲ್ಲಿ ಪಾಠಾಂತರಕ್ಕೆ ಕೃತಿಸ್ವಾಮ್ಯದ ಒಡೆಯನ ಉದಾರತೆ ಬೇಕಾಗುತ್ತದೆ. ಆಯ್ಕೆಯಾದ ಕೆಲವು ಪಾಠಗಳು ಮಾರುಕಟ್ಟೆಯ ಮಾನ್ಯತೆ ಪಡೆದವು, ಉಳಿದ ಅಸಂಖ್ಯ ಪಾಠಗಳು ಅಂಚಿನಲ್ಲಿಯೇ ಉಳಿದವು. ಅಂಗೀಕೃತ ಪಾಠ ಮತ್ತು ತಿರಸ್ಕೃತ ಪಾಠ ಎಂಬ ಭೇದ ನಮ್ಮ ಕಣ್ಣೆದುರೇ, ಹತ್ತು ವರ್ಷಗಳೊಳಗೆ ರೂಪುಗೊಂಡಿದೆ. ರಾಮಾನುಜನ್ ಚರ್ಚಿಸಿದ ಪರಂಪರೆಯಲ್ಲಿ ಮೊದಲ ಹೇಳಿಕೆ ಯಾವುದೆಂದು ಬೆರಳಿಟ್ಟು ತೋರಿಸಲಾಗದು. ಇಲ್ಲಿ ಮೂಲಕ್ಕೆ ದಿನಾಂಕವಿದೆ, ಒಡೆಯನಿದ್ದಾನೆ. ರಾಮಾನುಜನ್ ಅವರ ವಿಂಗಡಣೆ ಪಠ್ಯಸಂಬಂಧವನ್ನು ವಿವರಿಸಬಲ್ಲದು, ಒಡೆತನದ ಸಂಬಂಧವನ್ನು ವಿವರಿಸಲು ಬೇರೆ ಸಾಧನಗಳು ಬೇಕಾಗುತ್ತವೆ.

6. ಸಮಾರೋಪ

ಅಭಿಮಾನಿ ಆಟವನ್ನು ಅನುಕರಣವೆಂದು ಕಡೆಗಣಿಸುವುದು ಸಾಧುವಲ್ಲ ಎಂಬುದು ಈ ವಿವೇಚನೆಯಿಂದ ಸ್ಪಷ್ಟವಾಗುತ್ತದೆ. ಅದರ ಉತ್ತಮ ನಿದರ್ಶನಗಳು ಮೂಲದ ಮೌನಗಳನ್ನು ಓದುವ ಪಾಠಾಂತರಗಳು. ಕಾವಲುಗಾರನಿಗೆ ಬಾಲ್ಯವನ್ನು, ಭಯಕ್ಕೆ ನಗೆಯನ್ನು, ಕರ್ತೃವಿಗೆ ಪಾತ್ರತ್ವವನ್ನು ಅವು ಕೊಟ್ಟಿವೆ.

ಇದರಿಂದ ಅಧ್ಯಯನಕಾರರ ಮುಂದೆ ತುರ್ತಿನ ಪ್ರಶ್ನೆಯೊಂದು ನಿಲ್ಲುತ್ತದೆ. ತಾಳೆಗರಿಯ ಪ್ರತಿಕಾರ ಹೊಸ ಪ್ರತಿ ಬರೆದಾಗ ಹಳೆಯ ಗರಿ ಉಳಿಯುತ್ತಿತ್ತು. ಗ್ರಂಥಸಂಪಾದನೆ ಎಂಬ ಶಾಸ್ತ್ರ ಸಾಧ್ಯವಾದದ್ದು ಅದರಿಂದಲೇ. ಗಣಕದ ಆಟದಲ್ಲಿ ಹೊಸ ಆವೃತ್ತಿ ಬಂದಾಗ ಹಳೆಯದು ಅದೇ ಜಾಗದಲ್ಲಿ ಅಳಿಸಿಹೋಗುತ್ತದೆ. ರಚಿಸಿದ ತರುಣ ಮುಜುಗರದಿಂದಲೋ ಬೇಸರದಿಂದಲೋ ಹಿಂತೆಗೆದುಕೊಂಡರೆ ಪಠ್ಯವೇ ಇಲ್ಲವಾಗುತ್ತದೆ. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ತಂತ್ರಾಂಶದ ಬೆಂಬಲವನ್ನು ನಿಲ್ಲಿಸಿದಾಗ, ಅದನ್ನು ನೆಚ್ಚಿದ್ದ ಅಸಂಖ್ಯ ಸಣ್ಣ ಆಟಗಳು ಸಾಮಾನ್ಯ ಬಳಕೆದಾರನ ಕೈತಪ್ಪಿದ್ದು ಎಚ್ಚರಿಕೆಯ ಉದಾಹರಣೆಯಾಗಿದೆ. ಪಠ್ಯವನ್ನು ಉಳಿಸಿದರೂ ಸಾಲದು. ಯಕ್ಷಗಾನದ ಪ್ರಸಂಗಪುಸ್ತಕ ಬೇರೆ, ರಂಗದ ಪ್ರಯೋಗ ಬೇರೆ ಇರುವಂತೆ, ಆಟದ ಕಡತ ಬೇರೆ, ಅದನ್ನು ಆಡಿದ ಅನುಭವ ಬೇರೆ. ಆಡಿದವರ ಧ್ವನಿಚಿತ್ರ ಮುದ್ರಣಗಳು, ಆವೃತ್ತಿಗಳ ದಿನಾಂಕಗಳು, ಬಳಸಿದ ತಂತ್ರಾಂಶದ ವಿವರಗಳು ಜೊತೆಯಲ್ಲಿಯೇ ಸಂಗ್ರಹವಾಗಬೇಕು.

ಜಾನಪದ ಕ್ಷೇತ್ರಕಾರ್ಯದಲ್ಲಿ ಹೇಳುಗನ ಹೆಸರು, ಊರು, ಸಂದರ್ಭಗಳನ್ನು ದಾಖಲಿಸುವ ಶಿಸ್ತನ್ನು ಕನ್ನಡ ವಿಭಾಗಗಳು ದಶಕಗಳಿಂದ ರೂಢಿಸಿಕೊಂಡಿವೆ. ಕನ್ನಡದಲ್ಲಿಯೂ ಮುಂದೊಂದು ದಿನ ಇಂತಹ ಪಾಠಗಳು ಹುಟ್ಟಿದರೆ ಅವುಗಳನ್ನು ಗುರುತಿಸಲು, ದಾಖಲಿಸಲು ಬೇಕಾದ ವಿಧಾನ ಆ ಶಿಸ್ತಿನೊಳಗೇ ಇದೆ. ಅದನ್ನು ಹೊಸ ಆಕರಗಳಿಗೆ ಅನ್ವಯಿಸುವ ಕೆಲಸ ಆಗಬೇಕಾಗಿದೆ. ರಾತ್ರಿಯಿಡೀ ಪರದೆಯನ್ನು ನೋಡುತ್ತ, ಬೆಳಗಿನ 6 ಗಂಟೆಯವರೆಗೆ ಒಂದೊಂದು ಚಲನೆಯನ್ನೂ ಗಮನಿಸುವುದು ಆಟದ ಕಾವಲುಗಾರನ ಕೆಲಸ. ಪಠ್ಯಗಳನ್ನು ಕಾಯುವವರ ಕೆಲಸವೂ ಇದಕ್ಕಿಂತ ಬೇರೆಯಲ್ಲ.